ಮೊಸರು-ಹಣ್ಣಿನ ತಂಪು ತಿಂಡಿ: ಕಡ್ಡಿಯೋ, ತಟ್ಟೆಯೋ?

ಅಚ್ಚಿಗೆ ಹಾಕಿ ಕಡ್ಡಿ ಚುಚ್ಚುವುದಾ, ಇಲ್ಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಚೂರು ಮುರಿದು ತಿನ್ನುವುದಾ? ಸಾಮಾನು ಎರಡಕ್ಕೂ ಒಂದೇ: ಗಟ್ಟಿ ಮೊಸರು, ಹಣ್ಣು, ಸ್ವಲ್ಪ ಸಿಹಿ.

ಅವಸರ ಇದ್ದರೆ ತಟ್ಟೆಯೇ ಸರಿ. ಬಟರ್ ಪೇಪರ್ ಹಾಸಿ, ಅರ್ಧ ಸೆಂಟಿಮೀಟರ್ ದಪ್ಪ ಮೊಸರು ಹರಡಿ, ಮೇಲೆ ಹಣ್ಣಿನ ಚೂರು ಉದುರಿಸಿ. ಫ್ರೀಜರ್‌ನಲ್ಲಿ ಇಟ್ಟರೆ 2–3 ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಆದರೆ ಕೈಯಲ್ಲಿ ಬೇಗ ಕರಗುತ್ತದೆ. ಫ್ರಿಜ್ ಪಕ್ಕದಲ್ಲೇ ನಿಂತು ತಿನ್ನುವ ತಿಂಡಿ ಅನ್ನಿ!

ಕಡ್ಡಿಯದಕ್ಕೆ 5–6 ಗಂಟೆ ಬೇಕು, ರಾತ್ರಿಯಿಡೀ ಇಟ್ಟರೆ ಇನ್ನೂ ಒಳ್ಳೆಯದು. ಆಡುತ್ತಾ ತಿನ್ನುವ ಮಕ್ಕಳಿಗೆ ಇದೇ ಅನುಕೂಲ. ತಲೆನೋವು ಅಂದರೆ ಐಸಿನ ಹರಳು. ಮೊಸರಿನಲ್ಲಿರುವ ನೀರೇ ಹರಳಾಗುವುದು, ಅಲ್ವಾ? ಹಾಗಾಗಿ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರನ್ನೇ ಬಳಸಿ. ಸಕ್ಕರೆಯಲ್ಲಿ ತೀರಾ ಜಿಪುಣತನ ಬೇಡ. ಅದಿದ್ದರೆ ಕಲ್ಲಿನಂತೆ ಗಟ್ಟಿಯಾಗುವುದಿಲ್ಲ. ಮಾವು, ಬಾಳೆ ರುಬ್ಬಿ ಸೇರಿಸಿದರೆ ನುಣುಪಾಗಿ ಬರುತ್ತದೆ. ಕಲ್ಲಂಗಡಿಯಲ್ಲಿ ನೀರು ಜಾಸ್ತಿ, ಸುಮ್ನೆ ಐಸ್ ಗಡ್ಡೆ ಆಗಿಬಿಡುತ್ತದೆ.

ಮೊದಲ ಸಲ ಮಾಡುವವರಿಗೆ ನಾನು ತಟ್ಟೆಯನ್ನೇ ಹೇಳುತ್ತೇನೆ. ಕೆಟ್ಟರೂ ನಷ್ಟ ಕಡಿಮೆ. ಹಾಂ, ಒಂದು ವರ್ಷ ತುಂಬದ ಮಗುವಿಗಾದರೆ ಎರಡರಲ್ಲೂ ಜೇನು ಹಾಕಬೇಡಿ.