ಒಪಿನೆಲ್ ನಂ. 8 ಅಣಬೆ ಚಾಕು: ಅಲಗಿಗಿಂತ ಬ್ರಷ್ಷಿಗೇ ಹೆಚ್ಚು ಕೆಲಸ

ಕುಡುಗೋಲಿನಂತೆ ಬಾಗಿದ 8 ಸೆಂ.ಮೀ.ನಷ್ಟು ಉದ್ದದ ಸ್ಟೇನ್‌ಲೆಸ್ ಅಲಗು, ಅದರ ಬೆನ್ನಿನ ಮೇಲೆ ಸಣ್ಣ ಹಲ್ಲುಗಳು, ಮರದ ಹಿಡಿ, ಹಿಡಿಯ ತುದಿಗೆ ಹಂದಿಕೂದಲಿನ ಬ್ರಷ್. ಫ್ರಾನ್ಸಿನ ಒಪಿನೆಲ್ ಕಂಪನಿಯ ಈ ಮಡಚುಚಾಕು ಜೇಬಿನಲ್ಲಿ ಭಾರವೇ ಅನ್ನಿಸುವುದಿಲ್ಲ. ವಸಂತದಲ್ಲಿ ಮೊರೆಲ್, ಅಂದರೆ ಗುಚ್ಛಿ ಅಣಬೆ ಹುಡುಕಿ ಹೋಗುವವರಿಗೆ ಮಾತ್ರ ಇದರಲ್ಲಿ ಮೊದಲು ನೋಡಬೇಕಾದದ್ದು ಬ್ರಷ್.

ಗುಚ್ಛಿಯ ಟೊಪ್ಪಿಯ ತುಂಬ ಜೇನುಗೂಡಿನಂಥ ಗುಳಿಗಳು. ಒಮ್ಮೆ ಮರಳು ಹೊಕ್ಕರೆ ಎಷ್ಟು ತೊಳೆದರೂ ಹಲ್ಲಿಗೆ ಸಿಗುತ್ತದೆ. ಹಾಗಾಗಿ ಅಣಬೆ ನೆಲದಲ್ಲಿ ನಿಂತಿರುವಾಗಲೇ ಟೊಪ್ಪಿಯ ಮೇಲಿನ ಎಲೆಚೂರು ಕೊಡವಿ. ಆಮೇಲೆ ತೊಟ್ಟನ್ನು ಮಣ್ಣಿಗಿಂತ ಅರ್ಧ ಸೆಂ.ಮೀ. ಮೇಲೆ ಒಂದೇ ಎಳೆತಕ್ಕೆ ಕೊಯ್ಯಿರಿ. ಮಣ್ಣು ಮೆತ್ತಿದ ಒಂದೇ ಒಂದು ಬುಡ ಬುಟ್ಟಿಗೆ ಬಿದ್ದರೂ ಸಾಕು, ನಡೆಯುವಾಗಿನ ಕುಲುಕಾಟಕ್ಕೆ ಎಲ್ಲ ಅಣಬೆಗಳ ಗುಳಿಗೂ ಮಣ್ಣು ಸೇರುತ್ತದೆ. ಬ್ರಷ್ಷಿನ ಕೂದಲು ಬಿರುಸು; ಒತ್ತಿ ಉಜ್ಜಿದರೆ ಗುಳಿಗಳ ಅಂಚು ಪುಡಿಯಾಗುತ್ತದೆ, ತುದಿಯಷ್ಟೇ ತಾಗಿಸಿ. ಮಳೆಗೆ ನೆಂದ ಅಣಬೆಗೆ ಬ್ರಷ್ ಮುಟ್ಟಿಸಲೇಬೇಡಿ. ಮಣ್ಣು ಕೆಸರಾಗಿ ಗುಳಿಯೊಳಕ್ಕೇ ಮೆತ್ತಿಕೊಳ್ಳುತ್ತದೆ.

ಕೊಯ್ಯುವುದು ಗುರುತು ಖಚಿತವಾದ ಅಣಬೆಯನ್ನು ಮಾತ್ರ. ಅನುಮಾನವಿದ್ದರೆ ಅಲಗಿನ ಬಾಗಿದ ತುದಿಯನ್ನು ಪಕ್ಕದ ಮಣ್ಣಿಗಿಳಿಸಿ ಬುಡಸಮೇತ ಎಬ್ಬಿಸಿ. ಅಮಾನಿಟದಂಥ ವಿಷದ ಅಣಬೆಗಳನ್ನು ಗುರುತಿಸಲು ಬೇಕಾದ ಬುಡದ ಚೀಲ ಮಣ್ಣಿನೊಳಗೇ ಇರುತ್ತದೆ. ಮೇಲಿಂದ ಕೊಯ್ದರೆ ಆ ಸಾಕ್ಷಿ ಅಲ್ಲೇ ಉಳಿಯುತ್ತದೆ. ಗುಚ್ಛಿಯಂತೆ ಕಂಡದ್ದನ್ನು ತುದಿಯಿಂದ ಬುಡದವರೆಗೆ ಉದ್ದಕ್ಕೆ ಸೀಳಿ ನೋಡಿ. ನಿಜವಾದ ಗುಚ್ಛಿ ಒಳಗೆಲ್ಲ ಒಂದೇ ಪೊಳ್ಳು. ಗೈರೋಮಿಟ್ರ ಎಂಬ ವಿಷದ ಅಣಬೆಯ ಟೊಪ್ಪಿ ಮಿದುಳಿನಂತೆ ಸುಕ್ಕುಸುಕ್ಕು, ಒಳಗೆ ಗೂಡುಗೂಡು. ಗುಚ್ಛಿಯನ್ನೇ ಹೋಲುವ ವರ್ಪ ಎಂಬ ಇನ್ನೊಂದು ಅಣಬೆಯ ಟೊಪ್ಪಿ ತೊಟ್ಟಿನ ನೆತ್ತಿಗೆ ಮಾತ್ರ ಅಂಟಿಕೊಂಡು ಲಂಗದಂತೆ ಸುತ್ತ ಇಳಿಬಿದ್ದಿರುತ್ತದೆ. ಗುಚ್ಛಿಯೇ ಆದರೂ ಹಸಿಯಾಗಿ ತಿನ್ನುವಂತಿಲ್ಲ, ಚೆನ್ನಾಗಿ ಬೇಯಲೇಬೇಕು.

ಕೊಯ್ದರೆ ಬೇರುಜಾಲ ಉಳಿಯುತ್ತದೆ ಎಂಬ ಕಾರಣಕ್ಕೆ ಚಾಕು ಕೊಳ್ಳುವವರಿದ್ದಾರೆ. ಸ್ವಿಟ್ಜರ್‌ಲೆಂಡಿನಲ್ಲಿ 1975ರಿಂದ 2003ರವರೆಗೆ ನಡೆದ ಅಧ್ಯಯನದಲ್ಲಿ ಕೊಯ್ದರೂ ಕಿತ್ತರೂ ಮುಂದಿನ ಫಸಲು ತಗ್ಗಲಿಲ್ಲ. ನೆಲ ತುಳಿದಲ್ಲಿ ಅಣಬೆ ಏಳುವುದು ಕಡಿಮೆಯಾಯಿತು. ಕಾಪಾಡುವ ಮನಸ್ಸಿದ್ದರೆ ಹೆಜ್ಜೆ ನೋಡಿ ಇಡಬೇಕು.

ಈ ಚಾಕುವಿನ ನಿಜವಾದ ತೊಂದರೆ ಇರುವುದು ಹಿಡಿಯಲ್ಲಿ. ಮರ ನೀರು ಕುಡಿದು ಉಬ್ಬಿದರೆ ಅಲಗು ಸೀಳಿನೊಳಗೆ ಬಿಗಿದುಕೊಂಡು ಬಿಚ್ಚಲು ಬರುವುದಿಲ್ಲ. ನೀರಿನಲ್ಲಿ ನೆನೆಹಾಕಬೇಡಿ, ಒರೆಸಿ, ಬಿಚ್ಚಿಟ್ಟು, ನೆರಳಲ್ಲಿ ಒಣಗಿಸಿ. ಅಲಗನ್ನು ಭದ್ರಪಡಿಸುವ ತಿರುಗುಂಗುರ ಒಳ್ಳೆಯ ಏರ್ಪಾಡು, ಕೊಯ್ಯುವ ಮುನ್ನ ಮರೆಯದೆ ತಿರುಗಿಸಿ. ಮರಳು ಸಿಕ್ಕಿ ಕಿರುಗುಟ್ಟಿದರೆ ಬ್ರಷ್ಷಿನಿಂದ ತೆಗೆದು ಒಂದು ತೊಟ್ಟು ಎಣ್ಣೆ ಬಿಡಿ. ಬಾಗಿದ ಒಳಬಾಯಿಗೆ ಚಪ್ಪಟೆ ಸಾಣೆಕಲ್ಲು ತಾಗುವುದಿಲ್ಲ, ಪೆನ್ಸಿಲ್‌ಗೆ ನಯವಾದ ಮರಳುಕಾಗದ ಸುತ್ತಿ ಮಸೆಯಿರಿ. ಕಂದು ಹಿಡಿ ಒಣಗಿದೆಲೆಗಳ ನಡುವೆ ಬಿದ್ದರೆ ಕಣ್ಣಿಗೇ ಬೀಳದು. ಕೆಂಪು ಟೇಪು ಸುತ್ತಿಡುವುದು ಮೊದಲ ದಿನವೇ ಆಗಬೇಕಾದ ಕೆಲಸ.

ಹೊಸದಾಗಿ ಕೊಳ್ಳುವವರಿಗೆ ಇದನ್ನೇ ಹೇಳುತ್ತೇವೆ. ಆದರೆ ಚೂಪಾದ ಮಡಚುಚಾಕು ಈಗಾಗಲೇ ಇದ್ದರೆ ಎರಡು ಬೆರಳಗಲದ ಮೆತ್ತನೆಯ ಪೇಂಟ್ ಬ್ರಷ್ ಒಂದನ್ನು ಕೊಂಡರೆ ಸಾಕು. ಗುಚ್ಛಿಯ ಗುಳಿಗೆ ಅದು ಹಂದಿಕೂದಲಿಗಿಂತ ಹಿತ.