ಕಾರ್ಡ್ ಸ್ವೈಪಿಂಗ್ ಯಂತ್ರ: ದೀರ್ಘಕಾಲದ ಬಳಕೆಯ ನಂತರ

ಸಣ್ಣ ವ್ಯಾಪಾರಕ್ಕೆ ಕಾರ್ಡ್ ಯಂತ್ರ ತೆಗೆದುಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ‘ಕಮಿಷನ್ ಎಷ್ಟು ಪರ್ಸೆಂಟ್?’ ಎಂಬುದು. ಕೆಲವು ವರ್ಷಗಳಿಂದ ಇದೇ ಯಂತ್ರವನ್ನು ಗಲ್ಲಾದ ಪಕ್ಕದಲ್ಲಿಟ್ಟುಕೊಂಡು ವ್ಯಾಪಾರ ಮಾಡುತ್ತಿರುವ ನನಗೆ, ಹಣ ಯಾವ ದಿನ ಮತ್ತು ಯಾವ ಲೆಕ್ಕದೊಂದಿಗೆ ಖಾತೆಗೆ ಬಂದು ಬೀಳುತ್ತದೆ ಎಂಬುದೇ ಅದಕ್ಕಿಂತ ದೊಡ್ಡ ಪ್ರಶ್ನೆಯಾಗಿ ಕಂಡಿದೆ.

ನಾನು ಬಳಸುತ್ತಿರುವುದು ಸಿಮ್ ಮತ್ತು ವೈಫೈ ಎರಡರಲ್ಲೂ ನಡೆಯುವ, ರಸೀದಿಯನ್ನೂ ಮುದ್ರಿಸುವ, ಮಾಸಿಕ ಬಾಡಿಗೆಯ ಯಂತ್ರ. ಕಮಿಷನ್ ಎಂದು ನಾವು ಒಟ್ಟಾಗಿ ಕರೆಯುವ ಮೊತ್ತದಲ್ಲಿ ಮೂರು ಪಾಲುಗಳಿರುತ್ತವೆ: ಗ್ರಾಹಕರಿಗೆ ಕಾರ್ಡ್ ಕೊಟ್ಟ ಬ್ಯಾಂಕಿನದು, ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಂಥ ಜಾಲದ್ದು, ನಮಗೆ ಸೇವೆ ಕೊಡುವ ಸಂಸ್ಥೆಯದು. ಸಣ್ಣ ವ್ಯಾಪಾರಿ ಚೌಕಾಸಿ ಮಾಡಲು ಸಾಧ್ಯವಿರುವುದು ಬಹುಮಟ್ಟಿಗೆ ಮೂರನೆಯದರಲ್ಲಿ ಮಾತ್ರ. ಪರ್ಸೆಂಟಿನ ಜೊತೆಗೆ ಪ್ರತಿ ವಹಿವಾಟಿಗೂ ಒಂದು ನಿಗದಿತ ಶುಲ್ಕ ಹಾಕುವ ಯೋಜನೆಗಳೂ ಇವೆ. ಚಿಕ್ಕ ಚಿಕ್ಕ ಬಿಲ್ಲುಗಳೇ ಹೆಚ್ಚಾಗಿರುವ ಕಡೆ ಲಾಭವನ್ನು ತಿಂದುಹಾಕುವುದು ಈ ನಿಗದಿತ ಶುಲ್ಕವೇ.

ಯಂತ್ರದ ಪರದೆಯ ಮೇಲೆ ‘ಅಪ್ರೂವ್ಡ್’ ಎಂದು ಮೂಡಿದರೆ ಗ್ರಾಹಕರ ಬ್ಯಾಂಕು ಒಪ್ಪಿಗೆ ಕೊಟ್ಟಿದೆ ಎಂದಷ್ಟೇ ಅರ್ಥ. ದಿನದ ವಹಿವಾಟುಗಳೆಲ್ಲ ಒಂದು ಬ್ಯಾಚ್ ಆಗಿ ಸೆಟ್ಲ್‌ಮೆಂಟಿಗೆ ಹೋದ ಮೇಲೆ, ಸಾಮಾನ್ಯವಾಗಿ ಮರುದಿನವೋ ಅದರ ಮರುದಿನವೋ ನಮ್ಮ ಖಾತೆಗೆ ಹಣ ಬರುತ್ತದೆ, ನಡುವೆ ಬ್ಯಾಂಕ್ ರಜೆ ಬಂದರೆ ಇನ್ನೂ ತಡವಾಗುತ್ತದೆ. ನನ್ನ ಸೇವಾದಾರರ ಬಗ್ಗೆ ನನಗಿರುವ ನಿಜವಾದ ದೂರು ಈ ಹಂತದ್ದೇ. ಕಮಿಷನ್ ಮತ್ತು ರೀಫಂಡ್‌ಗಳನ್ನು ಕಳೆದು ಉಳಿದದ್ದನ್ನು ಒಂದೇ ಮೊತ್ತವಾಗಿ ಜಮಾ ಮಾಡುತ್ತಿದ್ದುದರಿಂದ, ಪಾಸ್‌ಬುಕ್ಕಿನ ಸಂಖ್ಯೆ ನಮ್ಮ ಬಿಲ್ ಪುಸ್ತಕದ ಸಂಖ್ಯೆಗೆ ಯಾವ ದಿನವೂ ತಾಳೆಯಾಗುತ್ತಿರಲಿಲ್ಲ. ಪದೇ ಪದೇ ಕೇಳಿದ ಮೇಲೆ ಪ್ರತಿ ವಹಿವಾಟಿನ ಮೊತ್ತ, ಕಡಿತ, ಅನುಮೋದನಾ ಸಂಖ್ಯೆ ಬೇರೆ ಬೇರೆಯಾಗಿರುವ ವರದಿ ಸಿಗತೊಡಗಿತು. ತೆರಿಗೆ ಲೆಕ್ಕ ಬರೆಯುವವರಿಗೆ ಈ ವರದಿ ಇಲ್ಲದೆ ಕೆಲಸವೇ ಸಾಗದು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಇದರ ಮಾದರಿಯೊಂದನ್ನು ತರಿಸಿಕೊಂಡು ನೋಡಬೇಕು.

ನೆಟ್‌ವರ್ಕ್ ಕೈಕೊಡುವ ಗಳಿಗೆ ಎಲ್ಲಕ್ಕಿಂತ ಕಷ್ಟದ್ದು. ಗ್ರಾಹಕರ ಮೊಬೈಲಿಗೆ ಹಣ ಕಡಿತವಾದ ಸಂದೇಶ ಬಂದಿರುತ್ತದೆ, ಯಂತ್ರದಿಂದ ಮಾತ್ರ ‘ಫೇಲ್ಡ್’ ಎಂಬ ಚೀಟಿ ಹೊರಬರುತ್ತದೆ, ಹಿಂದೆ ಇಬ್ಬರು ಮೂವರು ಕಾಯುತ್ತಿರುತ್ತಾರೆ. ಆಗ ಅವಸರದಿಂದ ಮತ್ತೊಮ್ಮೆ ಕಾರ್ಡ್ ಹಾಕದೆ, ಯಂತ್ರದ ಮೆನುವಿನಲ್ಲೋ ಆ್ಯಪಿನಲ್ಲೋ ಕೊನೆಯ ವಹಿವಾಟಿನ ಸ್ಥಿತಿಯನ್ನು ನೋಡಬೇಕು. ವಿಫಲವೆಂದೇ ಅಲ್ಲಿದ್ದರೆ ಆ ಚೀಟಿಯನ್ನು ಗ್ರಾಹಕರಿಗೆ ಕೊಟ್ಟು, ಕಡಿತವಾದ ಹಣ ಅವರ ಬ್ಯಾಂಕಿನ ಮೂಲಕ ಹಿಂದಿರುಗುತ್ತದೆ ಎಂದು ತಿಳಿಸಬೇಕು. ಈ ವಿಷಯದಲ್ಲಿ ನನ್ನ ಯಂತ್ರ ಮೆಚ್ಚುವಂತಿದೆ: ವೈಫೈ ನಿಂತರೆ ತಾನಾಗಿಯೇ ಸಿಮ್‌ಗೆ ಬದಲಾಗುತ್ತದೆ, ಹಳೆಯ ರಸೀದಿಯನ್ನು ಮತ್ತೆ ಮುದ್ರಿಸಿ ಕೊಡುತ್ತದೆ.

ಕಾರ್ಡನ್ನು ಚಿಪ್ ಇರುವ ಕಡೆಯಿಂದ ಒಳಗೆ ಹಾಕಿಸುವುದು ಅಥವಾ ಟ್ಯಾಪ್ ಮಾಡಿಸುವುದು ವ್ಯಾಪಾರಿಗೇ ಕ್ಷೇಮ. ಚಿಪ್ ಪ್ರತಿ ವಹಿವಾಟಿಗೂ ಹೊಸ ಸಂಕೇತವನ್ನು ಸೃಷ್ಟಿಸುತ್ತದೆ. ಹಿಂಬದಿಯ ಕಪ್ಪು ಪಟ್ಟಿಯಲ್ಲಿರುವ ಮಾಹಿತಿ ಬದಲಾಗುವುದಿಲ್ಲವಾದ್ದರಿಂದ ಅದನ್ನು ನಕಲು ಮಾಡುವುದು ಸುಲಭ. ಚಿಪ್ ಇರುವ ಕಾರ್ಡನ್ನು ಪಟ್ಟಿಯಿಂದ ಉಜ್ಜಿದಾಗ ವಂಚನೆ ನಡೆದರೆ, ನಷ್ಟ ವ್ಯಾಪಾರಿಯ ತಲೆಗೇ ಬರುವ ಸಂಭವ ಹೆಚ್ಚು. ಟ್ಯಾಪ್ ನಡೆಯುವುದು 13.56 ಮೆಗಾಹರ್ಟ್ಸ್ ರೇಡಿಯೊ ತರಂಗದಲ್ಲಿ, ಕೆಲವೇ ಸೆಂಟಿಮೀಟರ್ ಅಂತರದಲ್ಲಿ. ಆದ್ದರಿಂದ ಯಂತ್ರವನ್ನು ಗ್ರಾಹಕರ ಕೈಗೆ ಸಿಗುವಂತೆ ಇಟ್ಟರೆ ಸಾಕು, ಕಾರ್ಡ್ ಅವರ ಕೈಬಿಟ್ಟು ಹೋಗಬೇಕಾಗಿಯೇ ಇಲ್ಲ. ಗ್ರಾಹಕರ ಪಿನ್ ಕೇಳುವ ಅಭ್ಯಾಸವಂತೂ ಯಾವ ಅಂಗಡಿಯಲ್ಲೂ ಇರಕೂಡದು.

ಚಾರ್ಜ್‌ಬ್ಯಾಕ್ ಬಗ್ಗೆ ಯಂತ್ರ ಮಾರುವವರು ತಾವಾಗಿ ಹೇಳುವುದು ಕಡಿಮೆ. ಗ್ರಾಹಕರು ತಮ್ಮ ಬ್ಯಾಂಕಿಗೆ ತಕರಾರು ಸಲ್ಲಿಸಿದರೆ, ಮಾರಾಟವಾಗಿ ತಿಂಗಳುಗಳು ಕಳೆದ ಮೇಲೂ ಆ ಹಣ ನಮ್ಮ ಖಾತೆಯಿಂದ ವಾಪಸು ಹೋಗಬಹುದು, ಮತ್ತು ಉತ್ತರಿಸಲು ನಮಗೆ ಸಿಗುವ ಕಾಲಾವಕಾಶ ಚಿಕ್ಕದು. ಥರ್ಮಲ್ ಕಾಗದದ ರಸೀದಿ ಬಿಸಿಲಿಗೂ ಶಾಖಕ್ಕೂ ಮಾಸಿಹೋಗುವುದರಿಂದ, ದೊಡ್ಡ ಮೊತ್ತದ ರಸೀದಿಗಳನ್ನು ಅಂದೇ ಸ್ಕ್ಯಾನ್ ಮಾಡಿ ಬಿಲ್ಲಿನ ಜೊತೆ ಇಡುತ್ತೇನೆ. ಕಾರ್ಡಿನ ಫೋಟೊ ತೆಗೆಯುವುದು, ಸಿವಿವಿ (ಕಾರ್ಡಿನ ಮೇಲೆ ಮುದ್ರಿತವಾಗಿರುವ ಭದ್ರತಾ ಅಂಕಿ) ಬರೆದಿಡುವುದು ಮಾತ್ರ ಸಲ್ಲದು; ಕಾರ್ಡ್ ಉದ್ಯಮ 2004ರಲ್ಲಿ ರೂಪಿಸಿದ ಪಿಸಿಐ ಡಿಎಸ್‌ಎಸ್ ಎಂಬ ಭದ್ರತಾ ಮಾನದಂಡ, ವಹಿವಾಟಿಗೆ ಅನುಮೋದನೆ ಸಿಕ್ಕಿದ ನಂತರ ಸಿವಿವಿಯನ್ನು ಉಳಿಸಿಕೊಳ್ಳುವುದನ್ನು ನಿಷೇಧಿಸುತ್ತದೆ.

ಯಂತ್ರದ ಗಟ್ಟಿತನಕ್ಕೆ ಕೊರತೆಯಿಲ್ಲ. ಬ್ಯಾಟರಿ ಈಗ ಮೊದಲಿನಷ್ಟು ಹೊತ್ತು ಬರುವುದಿಲ್ಲ, ಕಾಗದದ ಸುರುಳಿ ಸದಾ ಹೆಚ್ಚುವರಿಯಾಗಿ ಇರಬೇಕು. ದಿನಕ್ಕೆ ಬೆರಳೆಣಿಕೆಯಷ್ಟು ಕಾರ್ಡ್ ವಹಿವಾಟು ನಡೆಯುವವರಿಗೆ ಬಾಡಿಗೆಯ ಯಂತ್ರಕ್ಕಿಂತ, ಸ್ಮಾರ್ಟ್‌ಫೋನನ್ನೇ ಟ್ಯಾಪ್ ಯಂತ್ರವಾಗಿಸುವ ಆ್ಯಪ್ ಹೆಚ್ಚು ಒಪ್ಪುತ್ತದೆ. ದೂರದ ಗ್ರಾಹಕರಿಗೆ ಪೇಮೆಂಟ್ ಲಿಂಕ್ ಇದೆಯಾದರೂ, ಕಾರ್ಡ್ ಎದುರಿಗಿಲ್ಲದ ವಹಿವಾಟಿಗೆ ದರವೂ ವಂಚನೆಯ ಅಪಾಯವೂ ಸಾಮಾನ್ಯವಾಗಿ ಹೆಚ್ಚು. ನಾನು ಇದೇ ಯಂತ್ರವನ್ನು ಮುಂದುವರಿಸುತ್ತಿದ್ದೇನೆ. ಆದರೆ ಒಪ್ಪಂದ ನವೀಕರಿಸುವಾಗ ಅವಧಿಗೆ ಮುನ್ನ ಬಿಟ್ಟರೆ ತೆರಬೇಕಾದ ದಂಡ, ವಹಿವಾಟು ಕಡಿಮೆಯಾದ ತಿಂಗಳಿನ ಕನಿಷ್ಠ ಶುಲ್ಕ, ರೀಫಂಡ್ ಮಾಡಿದಾಗ ಮೊದಲು ಕಡಿದ ಕಮಿಷನ್ ಹಿಂದಿರುಗುತ್ತದೆಯೇ ಎಂಬ ಮೂರನ್ನೂ ಬರವಣಿಗೆಯಲ್ಲಿ ಪಡೆದ ನಂತರವೇ ಸಹಿ ಹಾಕಿದ್ದೇನೆ.