ಮೇಷ್ಟ್ರ ಡಬ್ಬದ ಪುಸ್ತಕಗಳನ್ನು ಎಲ್ಲಿಡಬೇಕು? ಮೂರೂ ದಾರಿ ನೋಡಿದ್ದೇನೆ

ಬರಹಗಾರರ ಮನೆಯಿಂದ ಲೈಬ್ರರಿಗೆ ಹಸ್ತಪ್ರತಿ, ಪತ್ರಗಳಷ್ಟೇ ಬರುವುದಿಲ್ಲ. ಅವರು ಓದಿದ ಪುಸ್ತಕ, ಹಳೇ ಮಾಸಪತ್ರಿಕೆ, ಪೇಪರ್ ಕಟಿಂಗ್, ಮದುವೆ ಕರೆಯೋಲೆ ಎಲ್ಲ ಒಂದೇ ರಟ್ಟಿನ ಡಬ್ಬದಲ್ಲಿ ಬಂದು ಬೀಳುತ್ತವೆ. ನಾನು ಕೆಲಸ ಮಾಡಿದ ಕಾಲೇಜು ಲೈಬ್ರರಿಗೂ ತೀರಿಹೋದ ಕನ್ನಡ ಮೇಷ್ಟ್ರೊಬ್ಬರ ಡಬ್ಬಗಳು ಹೀಗೇ ಬಂದವು. 'ಇದನ್ನೂ ತಗೊಂಡು ಹೋಗಿ ಸರ್' ಅಂತ ಅವರ ಸೊಸೆ ಆಟೋ ಹತ್ತುವಾಗ ಇನ್ನೊಂದು ಚೀಲ ಕೊಟ್ಟರು.

ಮೊದಲು ಏನೂ ಬೇರೆ ಮಾಡದೆ ಹಾಗೇ ಇಟ್ಟೆವು. ಸುಲಭ, ಅಲ್ವಾ? ಕಾಗದಪತ್ರ ಇಟ್ಟುಕೊಂಡವರ ಕ್ರಮವನ್ನು ಕೆಡಿಸಬಾರದು ಅಂತ 1898ರಲ್ಲೇ ಮೂವರು ಡಚ್ಚರು ಕೈಪಿಡಿ ಬರೆದಿದ್ದಾರೆ, ನಮಗೂ ಅದೇ ಧೈರ್ಯ. ಆದರೆ ನಮ್ಮ ಡಬ್ಬದಲ್ಲಿದ್ದದ್ದು ಮೇಷ್ಟ್ರ ಕ್ರಮವೇ ಅಲ್ಲ. ಮನೆಯವರು ದಪ್ಪ ಪುಸ್ತಕ ಕೆಳಗೆ, ತೆಳ್ಳಗಿನದು ಮೇಲೆ ಅಂತ ಜೋಡಿಸಿದ್ದರು! ಪತ್ರಗಳು ಪುಸ್ತಕಗಳ ನಡುವೆ ಸಿಕ್ಕಿ ಮುದುರಿದ್ದವು. ಪೇಪರ್ ಕಟಿಂಗ್ ತಾಗಿದ ಪತ್ರದ ಮೇಲೆ ಅದೇ ಆಕಾರದ ಕಂದು ಕಲೆ, ಯಾಕೆಂದರೆ ನ್ಯೂಸ್‌ಪ್ರಿಂಟಿನಲ್ಲಿ ಆಮ್ಲ ಜಾಸ್ತಿ. ಪುಸ್ತಕಗಳು ಕ್ಯಾಟಲಾಗಿನಲ್ಲೂ ಇಲ್ಲ. ಹುಡುಕಿದವರಿಗೆ ಅವು ಇದ್ದೂ ಇಲ್ಲದ ಹಾಗೆ.

ಆಮೇಲೆ ಎರಡನೆಯದು: ಪುಸ್ತಕವನ್ನೆಲ್ಲ ತೆಗೆದು ಸೀಲು ಹೊಡೆದು, ಅಕ್ಸೆಷನ್ ನಂಬರ್ (ಲೈಬ್ರರಿ ರಿಜಿಸ್ಟರಿನ ಕ್ರಮಸಂಖ್ಯೆ) ಹಾಕಿ, 894.814ರ ರ್ಯಾಕಿಗೆ, ಅಂದರೆ ಕನ್ನಡ ಸಾಹಿತ್ಯದ ಸಾಲಿಗೆ ಸೇರಿಸಿದ್ದು. ಹುಡುಗರು ಓದಿದರು, ಅದು ಖುಷಿಯೇ. ಆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದನ್ನು ನೆನೆದಾಗಲೇ. ಬೆನ್ನು ಕಿತ್ತ ಪುಸ್ತಕಗಳನ್ನು ಬೈಂಡಿಂಗಿಗೆ ಕಳಿಸಿದೆವು, ಬೈಂಡರ್ ತನ್ನ ಅಭ್ಯಾಸದಂತೆ ಮೂರೂ ಅಂಚು ಕತ್ತರಿಸಿ ನೀಟಾಗಿ ಮಾಡಿ ತಂದ, ಮೇಷ್ಟ್ರು ಅಂಚಿನಲ್ಲಿ ಪೆನ್ಸಿಲಿನಲ್ಲಿ ಜಗಳ ಆಡಿದ್ದ ಸಾಲುಗಳೆಲ್ಲ ಅರ್ಧರ್ಧ ಹೋದವು. ಒಂದು ಪುಟದಲ್ಲಿ ಈಗ 'ಇದು ತಪ್ಪು, ನಾನೇ ಕಣ್ಣಾ' ಅಂತ ಮಾತ್ರ ಉಳಿದಿದೆ. ಬೈಂಡರಿನದೇನು ತಪ್ಪು, ಹೇಳದೆ ಕಳಿಸಿದ್ದು ನಾವು. ಡಬಲ್ ಕಾಪಿ ಅಂತ ರದ್ದಿಗೆ ಹಾಕಿದ್ದರಲ್ಲೂ ಅವರ ಕೈಬರಹದ್ದು ಎಷ್ಟಿತ್ತೋ. ಕೊನೆಗೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು 'ಅವರು ಯಾವ್ಯಾವ ಪುಸ್ತಕ ಇಟ್ಟುಕೊಂಡಿದ್ದರು?' ಅಂತ ಕೇಳಿದಾಗ ರಿಜಿಸ್ಟರಿನಲ್ಲಿ ಇದ್ದದ್ದು 'ದಾನ' ಅನ್ನುವ ಒಂದೇ ಪದ.

ಉಳಿದ ಡಬ್ಬಗಳಿಗೆ ಮೂರನೆಯ ದಾರಿ ಹಿಡಿದೆವು. ಪುಸ್ತಕ ಬೇರೆ ಮಾಡುವುದು ಹೌದು, ಆದರೆ ಅದು ಜಾಗ ಬಿಡುವ ಮೊದಲೇ ಚೀಟಿ ಬರೆಯುವುದು. ಡಬ್ಬದಲ್ಲಿ ಒಂದು ಚೀಟಿ: ಯಾವ ಪುಸ್ತಕ, ಎಲ್ಲಿಗೆ ಹೋಯಿತು, ಯಾವತ್ತು. ಲೈಬ್ರರಿ ಕ್ಯಾಟಲಾಗಿನ ಸಾಫ್ಟ್‌ವೇರ್ ಆದ ಕೋಹಾದಲ್ಲಿ 561ನೇ ಫೀಲ್ಡಿನಲ್ಲಿ ಪುಸ್ತಕ ಮೊದಲು ಯಾರ ಬಳಿ ಇತ್ತು ಅನ್ನುವುದು, ಅದಕ್ಕೇ ಅಂತ ಇರುವ ಜಾಗ ಅದು. ಪುಸ್ತಕದೊಳಗೆ ಸಿಕ್ಕ ಪತ್ರ, ಬಸ್ ಟಿಕೆಟ್ಟುಗಳನ್ನು ಕವರಿಗೆ ಹಾಕಿ, ಯಾವ ಪುಸ್ತಕದ ಎಷ್ಟನೇ ಪುಟ ಅಂತ ಬರೆದು ಡಬ್ಬಕ್ಕೇ ವಾಪಸ್. ಎಲ್ಲ ಪೆನ್ಸಿಲಿನಲ್ಲೇ. ಪೆನ್ನು, ಸೆಲ್ಲೋಟೇಪು, ಮೈದಾ ಅಂಟು ಹತ್ತಿರ ಸುಳಿಯಕೂಡದು. ಬೆಳ್ಳಿಹುಳಕ್ಕೆ ಮೈದಾ ಅಂದರೆ ಹಬ್ಬ.

ಟೈಮ್ ಹಿಡಿಯುತ್ತದೆ, ಸುಳ್ಳು ಹೇಳುವುದಿಲ್ಲ. ರ್ಯಾಕಿಗೆ ತಳ್ಳುವುದಾದರೆ ಐದು ನಿಮಿಷದ ಕೆಲಸ, ಹೀಗಾದರೆ ಒಂದೊಂದಕ್ಕೆ ಇಪ್ಪತ್ತು. ಹಾಗಂತ ಎಲ್ಲಕ್ಕೂ ಇದನ್ನೇ ಮಾಡಲು ಹೋಗಬೇಡಿ, ಸುಸ್ತಾಗಿ ಅರ್ಧಕ್ಕೇ ಬಿಡುತ್ತೀರಿ. ಅಂಚಿನಲ್ಲಿ ಕೈಬರಹ ಇದ್ದ ಪುಸ್ತಕವನ್ನು ಈಗ ನಾನು ಸಂಗ್ರಹದಿಂದ ಹೊರಗೇ ತೆಗೆಯುವುದಿಲ್ಲ, ಅದು ಹಸ್ತಪ್ರತಿಯೇ ಅನ್ನುವುದು ನನ್ನ ಲೆಕ್ಕ. ಅದಕ್ಕೆ ಬೇರೆ ಡಬ್ಬ, ಅಷ್ಟೇ. ಬರೀ ಸಹಿ ಇದ್ದದ್ದಕ್ಕೆ ಚೀಟಿ ಬರೆದು ಪ್ರತ್ಯೇಕ ಬೀರು, ಅಲ್ಲೇ ಕೂತು ಓದಬೇಕು. ಯಾವ ಗುರುತೂ ಇಲ್ಲದೆ, ಲೈಬ್ರರಿಯಲ್ಲಿ ಮೊದಲೇ ಇರುವ ಪುಸ್ತಕಕ್ಕೆ ಸೀಲು ಹೊಡೆಯುವ ಮೊದಲು ಮನೆಯವರನ್ನು ಕೇಳುತ್ತೇನೆ. ಸೀಲು ಬಿದ್ದ ಮೇಲೆ ವಾಪಸ್ ಕೊಡುವುದು ದೊಡ್ಡ ರಗಳೆ.

ಪೇಪರ್ ಕಟಿಂಗ್ ವಿಷಯದಲ್ಲಿ ಯೋಚನೆಯೇ ಬೇಡ. ಸ್ಕ್ಯಾನ್ ಮಾಡಿ, ಆಮ್ಲವಿಲ್ಲದ ಕಾಗದದಲ್ಲಿ ಮಡಚಿ ಬೇರೆ ಇಡಿ. ಪತ್ರಗಳ ಪಕ್ಕ ಮಾತ್ರ ಬೇಡ.